ಹೊಟ್ಟೆ ತುಂಬಿದರೂ ರಕ್ತ ಬರಿದು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹದಿಹರೆಯದವರ ಆಹಾರ ಮತ್ತು ಪೋಷಕಾಂಶ

ರಾಯಚೂರು ಜಿಲ್ಲೆಯ ಸಿಂಧನೂರು ರಾಜ್ಯದ ಪ್ರಮುಖ ಭತ್ತದ ಕಣಜ. ಇಲ್ಲಿ ಬೆಳೆದ ಸೋನಾ ಮಸೂರಿ ಅಕ್ಕಿ ಬೆಂಗಳೂರಿನ ಅಡುಗೆಮನೆಗಳಿಗೂ ಹೊರ ರಾಜ್ಯಗಳ ಮಾರುಕಟ್ಟೆಗಳಿಗೂ ಹೋಗುತ್ತದೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ದೇಶದ ಹೆಸರಾಂತ ಚಿನ್ನದ ಗಣಿಯಿದೆ. ಇವೆರಡರ ನಡುವೆ ಇರುವ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನ ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಮೂಲಕ ಭಾರತದ ಇತಿಹಾಸದಲ್ಲಿ ಸ್ಥಾನ ಪಡೆದಿದೆ. ಧಾನ್ಯ, ಲೋಹ, ಇತಿಹಾಸ ಮೂರಕ್ಕೂ ಕೊರತೆಯಿಲ್ಲದ ಈ ಸೀಮೆಯಲ್ಲಿ ಸದ್ದಿಲ್ಲದೆ ಕಾಡುವ ಕೊರತೆಯೊಂದಿದೆ. ಅದು ಹದಿಹರೆಯದವರ, ವಿಶೇಷವಾಗಿ ಹುಡುಗಿಯರ ರಕ್ತದಲ್ಲಿನ ಪೋಷಕಾಂಶಗಳ ಕೊರತೆ.

ಹೊಟ್ಟೆ ತುಂಬಿಸುವ ಆಹಾರಕ್ಕೂ ರಕ್ತವನ್ನು ಪೋಷಿಸುವ ಆಹಾರಕ್ಕೂ ಇರುವ ಅಂತರವನ್ನು ಪೋಷಣಾ ವಿಜ್ಞಾನಿಗಳು ‘ಮರೆಯಲ್ಲಿರುವ ಹಸಿವು’ ಎಂದು ಕರೆಯುತ್ತಾರೆ. ಈ ಹಸಿವು ಹೊಟ್ಟೆಯ ಹಸಿವಿನಂತೆ ಕೂಗುವುದಿಲ್ಲ. ಆಯಾಸ, ಪಾಠದಲ್ಲಿ ಮನಸ್ಸು ನಿಲ್ಲದಿರುವಿಕೆ, ಮೆಟ್ಟಿಲು ಹತ್ತುವಾಗ ಏದುಸಿರು, ಮಾಸಿದ ಮುಖ ಇವೇ ಅದರ ಗುರುತುಗಳು. ಇವನ್ನು ಮನೆಯವರು ‘ಸೋಮಾರಿತನ’ ಎಂದೋ ‘ವಯಸ್ಸಿನ ಗುಣ’ ಎಂದೋ ತಳ್ಳಿಹಾಕುವುದುಂಟು. ಆದ್ದರಿಂದ ಏನು ತಿಂದರೆ ರಕ್ತದಲ್ಲಿ ಏನು ಉಳಿಯುತ್ತದೆ ಎಂಬ ಸರಳ ಲೆಕ್ಕವನ್ನು ಅರಿಯುವುದು ಅಗತ್ಯ.

ಮೂರು ತಾಲ್ಲೂಕು, ಎರಡು ಬಗೆಯ ನೆಲ

ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿ ತಾಲ್ಲೂಕುಗಳ ಭಾಗಗಳನ್ನು ಸೇರಿಸಿ 2017-18ರಲ್ಲಿ ಮಸ್ಕಿ ಹೊಸ ತಾಲ್ಲೂಕಾಗಿ ರೂಪುಗೊಂಡಿತು. ಹಾಗಾಗಿ ಈ ಮೂರೂ ತಾಲ್ಲೂಕುಗಳ ಊಟದ ಇತಿಹಾಸ ಒಂದೇ ಬೇರಿನದು. ಎಲ್ಲೆಡೆ ಜೋಳ ಮತ್ತು ಸಜ್ಜೆಯೇ ಮೂಲ ಧಾನ್ಯ. ಹಿಂಗಾರಿಯ ಬಿಳಿ ಜೋಳ, ಮುಂಗಾರಿಯ ಸಜ್ಜೆ, ಅದರ ಸಾಲುಗಳ ನಡುವೆ ತೊಗರಿ, ಹೆಸರು, ಮಡಕೆ, ಅಲಸಂದಿ, ಬದುವಿನಲ್ಲಿ ಪುಂಡಿ, ಗುರೆಳ್ಳು, ಅಗಸಿ ಬೆಳೆಯುವುದು ಖುಷ್ಕಿ ಬೇಸಾಯದ ಕ್ರಮವಾಗಿತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಪೂರ್ಣಗೊಂಡು ಎಡದಂಡೆ ನಾಲೆಯಲ್ಲಿ ನೀರು ಹರಿದ ಬಳಿಕ ಸಿಂಧನೂರಿನ ಚಿತ್ರ ಬದಲಾಯಿತು. ಹೆಚ್ಚಿನ ಪ್ರದೇಶಕ್ಕೆ ಮಿತ ನೀರಾವರಿಯ ಬೆಳೆಗಳನ್ನೇ ಯೋಜನೆ ಉದ್ದೇಶಿಸಿತ್ತಾದರೂ ಭತ್ತ ವ್ಯಾಪಕವಾಗಿ ಹರಡಿತು. ಆಂಧ್ರದಿಂದ ಬಂದು ಭೂಮಿ ಕೊಂಡ ರೈತರ ‘ಕ್ಯಾಂಪು’ಗಳು ಹುಟ್ಟಿಕೊಂಡವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪುಗಳನ್ನು ನಿರ್ಮಿಸಲಾಯಿತು. ಅನ್ನ ಮತ್ತು ಮೀನು ಅವರ ಊಟದ ಜೀವಾಳ. ಲಿಂಗಸುಗೂರು ಮತ್ತು ಮಸ್ಕಿಯ ಬಹುಭಾಗ ಮಾತ್ರ ಮಳೆಯನ್ನೇ ನೆಚ್ಚಿಕೊಂಡು ಉಳಿಯಿತು. ಕೃಷ್ಣೆಯ ನಾರಾಯಣಪುರ ಬಲದಂಡೆ ನಾಲೆ ಲಿಂಗಸುಗೂರಿನ ಒಂದು ಭಾಗಕ್ಕೆ ನೀರುಣಿಸುತ್ತದೆ. ಒಂದೇ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಲ್ಲಿ ಒಂದೆಡೆ ಗದ್ದೆ, ಇನ್ನೊಂದೆಡೆ ಬೆದ್ದಲು ಎಂಬ ಈ ಭೇದ ತಟ್ಟೆಯ ಮೇಲೂ ಮೂಡಿದೆ.

ರೊಟ್ಟಿಯಿಂದ ಅನ್ನಕ್ಕೆ

ಹಿಂದೆ ಹಬ್ಬಹರಿದಿನಗಳಲ್ಲಿ ಮಾತ್ರ ಕಾಣುತ್ತಿದ್ದ ಅನ್ನ ಇಂದು ದಿನದ ಊಟದ ಮುಖ್ಯ ಭಾಗವಾಗಿದೆ. ಇದಕ್ಕೆ ನಾಲೆಯ ನೀರೊಂದೇ ಕಾರಣವಲ್ಲ. ಪಡಿತರದಲ್ಲಿ ದೊರೆಯುವ ಅಕ್ಕಿ, ವಿಶೇಷವಾಗಿ 2013ರಲ್ಲಿ ಆರಂಭವಾದ ಅನ್ನಭಾಗ್ಯ, ಬೆದ್ದಲು ಸೀಮೆಯ ಬಡ ಕುಟುಂಬಗಳನ್ನು ಹಸಿವಿನಿಂದ ಕಾಪಾಡಿತು. ಅದೇ ಕಾಲಕ್ಕೆ ರೊಟ್ಟಿಯ ಸ್ಥಾನ ಕುಗ್ಗಿತು. ಜೋಳದ ರೊಟ್ಟಿಗೆ ಹಿಟ್ಟು ಬೀಸಿಸಬೇಕು, ನಾದಬೇಕು, ಬಡಿಯಬೇಕು, ಒಂದೊಂದಾಗಿ ಬೇಯಿಸಬೇಕು. ಹೊಲದ ಕೂಲಿಗೆ ಬೆಳಗಿನ ಜಾವವೇ ಹೊರಡುವ ತಾಯಿಗೆ ಕುಕ್ಕರಿನ ಅನ್ನ ಸುಲಭ. ಜೋಳದ ಬೆಲೆ ಏರಿದ ವರ್ಷಗಳಲ್ಲಂತೂ ಪಡಿತರದ ಅಕ್ಕಿಯ ಎದುರು ರೊಟ್ಟಿಯೇ ದುಬಾರಿಯ ಊಟವಾಗುತ್ತದೆ.

ಹದಿಹರೆಯದವರ ದಿನಚರಿ ಈ ಬದಲಾವಣೆಯನ್ನು ಇನ್ನಷ್ಟು ತೀವ್ರಗೊಳಿಸಿದೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಶಾಲೆ-ಕಾಲೇಜಿಗೆ ಬಸ್ಸು ಹಿಡಿಯುವ ವಿದ್ಯಾರ್ಥಿಗಳಲ್ಲಿ ಬೆಳಗಿನ ಉಪಾಹಾರ ಒಂದು ಲೋಟ ಚಹಾ ಮತ್ತು ಬಿಸ್ಕತ್ತಿಗೆ ಸೀಮಿತವಾಗುವುದು ಸಾಮಾನ್ಯ. ಬಸ್ ನಿಲ್ದಾಣದ ಬಳಿಯ ಒಗ್ಗರಣೆ-ಮಿರ್ಚಿ, ಬೇಕರಿಯ ಪಫ್, ಐದು-ಹತ್ತು ರೂಪಾಯಿಯ ಕುರುಕಲು ಪೊಟ್ಟಣ ಮಧ್ಯಾಹ್ನದ ಹಸಿವನ್ನು ತಣಿಸುತ್ತವೆ. ಮಂಡಕ್ಕಿ ಒಗ್ಗರಣೆಗೆ ಶೇಂಗಾ, ಪುಠಾಣಿ, ನಿಂಬೆರಸ ಬಿದ್ದರೆ ಅದು ಕೆಟ್ಟ ತಿಂಡಿಯೇನಲ್ಲ. ಆದರೆ ಮಂಡಕ್ಕಿಯೂ ಅಕ್ಕಿ, ರಾತ್ರಿಯ ಅನ್ನವೂ ಅಕ್ಕಿ, ಬಿಸ್ಕತ್ತು-ಪಫ್‌ಗಳು ಮೈದಾ ಎಂದಾದಾಗ ಇಡೀ ದಿನದ ಊಟ ಪಾಲಿಷ್ ಮಾಡಿದ ಎರಡು ಧಾನ್ಯಗಳ ಸುತ್ತಲೇ ಸುತ್ತುತ್ತದೆ.

ಧಾನ್ಯದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕದ ಪ್ರಕಾರ 100 ಗ್ರಾಂ ಧಾನ್ಯದಲ್ಲಿ ದೊರೆಯುವ ಪೋಷಕಾಂಶಗಳ ಪ್ರಮಾಣ ಹೀಗಿದೆ:

ಪಾಲಿಷ್ ಮಾಡಿದ ಅಕ್ಕಿ: ಕಬ್ಬಿಣ 0.65 ಮಿಲಿಗ್ರಾಂ, ಸತು 1.2 ಮಿಲಿಗ್ರಾಂ, ಫೋಲೇಟ್ 9 ಮೈಕ್ರೋಗ್ರಾಂ, ಪ್ರೋಟೀನ್ 7.9 ಗ್ರಾಂ, ನಾರು 2.8 ಗ್ರಾಂ.

ಜೋಳ: ಕಬ್ಬಿಣ 3.95 ಮಿಲಿಗ್ರಾಂ, ಸತು 1.96 ಮಿಲಿಗ್ರಾಂ, ಫೋಲೇಟ್ 39 ಮೈಕ್ರೋಗ್ರಾಂ, ಪ್ರೋಟೀನ್ ಸುಮಾರು 10 ಗ್ರಾಂ, ನಾರು 10.2 ಗ್ರಾಂ.

ಸಜ್ಜೆ: ಕಬ್ಬಿಣ 6.4 ಮಿಲಿಗ್ರಾಂ, ಸತು 2.8 ಮಿಲಿಗ್ರಾಂ, ಫೋಲೇಟ್ 36 ಮೈಕ್ರೋಗ್ರಾಂ, ಪ್ರೋಟೀನ್ ಸುಮಾರು 11 ಗ್ರಾಂ, ನಾರು 11.5 ಗ್ರಾಂ.

ಒಬ್ಬ ಹುಡುಗಿ ದಿನಕ್ಕೆ 300 ಗ್ರಾಂ ಧಾನ್ಯ ಉಣ್ಣುತ್ತಾಳೆಂದು ಭಾವಿಸಿದರೆ, ಅಷ್ಟೂ ಅಕ್ಕಿಯಾದಲ್ಲಿ ಧಾನ್ಯದಿಂದ ಸಿಗುವ ಕಬ್ಬಿಣ ಸುಮಾರು 2 ಮಿಲಿಗ್ರಾಂ. ಅಷ್ಟೂ ಜೋಳವಾದಲ್ಲಿ ಸುಮಾರು 12, ಸಜ್ಜೆಯಾದಲ್ಲಿ ಸುಮಾರು 19 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ, 16ರಿಂದ 18 ವರ್ಷದ ಹುಡುಗಿಗೆ 32 ಮಿಲಿಗ್ರಾಂ ಕಬ್ಬಿಣ ಬೇಕು. ಹುಡುಗರಿಗೆ ಅದೇ ವಯೋಮಾನಗಳಲ್ಲಿ ಕ್ರಮವಾಗಿ 22 ಮತ್ತು 26 ಮಿಲಿಗ್ರಾಂ. ಧಾನ್ಯ ಬದಲಾದಾಗ ಕಳೆದುಹೋದ ಹತ್ತು-ಹದಿನೇಳು ಮಿಲಿಗ್ರಾಂ ಕಬ್ಬಿಣವನ್ನು ಬೇಳೆ, ಸೊಪ್ಪು, ಮಾಂಸಗಳಿಂದ ತುಂಬಿಕೊಳ್ಳಬೇಕು. ಅನ್ನದ ಮೇಲೆ ತಿಳಿಸಾರು ಸುರಿದ ತಟ್ಟೆಯಲ್ಲಿ ಅದು ಆಗದ ಮಾತು.

ಹದಿಹರೆಯಕ್ಕೆ ಏಕೆ ಹೆಚ್ಚು ಬೇಕು

ಹದಿಹರೆಯದಲ್ಲಿ ದೇಹ ವೇಗವಾಗಿ ಬೆಳೆಯುತ್ತದೆ. ಎತ್ತರ, ಸ್ನಾಯು, ರಕ್ತದ ಒಟ್ಟು ಪ್ರಮಾಣ ಎಲ್ಲವೂ ಹೆಚ್ಚುತ್ತವೆ. ಹೊಸ ರಕ್ತಕ್ಕೆ ಹೊಸ ಹಿಮೋಗ್ಲೋಬಿನ್ ಬೇಕು, ಹಿಮೋಗ್ಲೋಬಿನ್ನಿಗೆ ಕಬ್ಬಿಣ ಬೇಕು. ಹುಡುಗರಲ್ಲಿ ಬೆಳವಣಿಗೆಯ ವೇಗ ತಗ್ಗಿದ ನಂತರ ಈ ಒತ್ತಡ ಇಳಿಯುತ್ತದೆ.

ಹುಡುಗಿಯರಲ್ಲಿ ಹಾಗಾಗುವುದಿಲ್ಲ. ಮುಟ್ಟಿನಲ್ಲಿ ತಿಂಗಳಿಗೆ ಸರಾಸರಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಅದರೊಂದಿಗೆ ಸುಮಾರು 15 ಮಿಲಿಗ್ರಾಂ ಕಬ್ಬಿಣವೂ ದೇಹದಿಂದ ಹೊರಬೀಳುತ್ತದೆ. ಸಸ್ಯಮೂಲದ ಊಟದಲ್ಲಿರುವ ಕಬ್ಬಿಣದ ಹತ್ತನೇ ಒಂದು ಪಾಲಿನಷ್ಟು ಮಾತ್ರ ದೇಹಕ್ಕೆ ಸೇರುತ್ತದೆಂದು ಲೆಕ್ಕ ಹಿಡಿದರೆ, ಈ ನಷ್ಟವೊಂದನ್ನು ತುಂಬಲು ತಿಂಗಳಿಗೆ ಸುಮಾರು 150 ಮಿಲಿಗ್ರಾಂ ಕಬ್ಬಿಣವಿರುವ ಆಹಾರವನ್ನು ಹೆಚ್ಚುವರಿಯಾಗಿ ತಿನ್ನಬೇಕಾಗುತ್ತದೆ. ಅತಿಸ್ರಾವವಿದ್ದವರಿಗೆ ಇನ್ನೂ ಹೆಚ್ಚು. ಮನೆಯಲ್ಲಿ ಗಂಡಸರೂ ತಮ್ಮಂದಿರೂ ಉಂಡ ಮೇಲೆ ಹುಡುಗಿ ಉಣ್ಣುವ ವಾಡಿಕೆ ಇರುವ ಕಡೆ ಪಲ್ಯ, ಮೊಟ್ಟೆ, ಮಾಂಸದ ಪಾಲು ಅವಳಿಗೆ ಕಡಿಮೆಯಾಗುವುದು ಈ ಲೆಕ್ಕವನ್ನು ಮತ್ತಷ್ಟು ಕೆಡಿಸುತ್ತದೆ.

ರಕ್ತದಲ್ಲಿ ಅಳೆಯುವುದೇನನ್ನು

ಸಾಮಾನ್ಯವಾಗಿ ‘ರಕ್ತ ಪರೀಕ್ಷೆ’ ಎಂದಾಗ ನೋಡುವುದು ಹಿಮೋಗ್ಲೋಬಿನ್ ಪ್ರಮಾಣವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 12ರಿಂದ 14 ವರ್ಷದ ಮಕ್ಕಳಲ್ಲಿ ಹಾಗೂ 15 ವರ್ಷ ಮೀರಿದ ಹುಡುಗಿಯರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ, 15 ಮೀರಿದ ಹುಡುಗರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನಲಾಗುತ್ತದೆ. 8 ಗ್ರಾಂಗಿಂತಲೂ ಕೆಳಗಿಳಿದರೆ ಅದು ತೀವ್ರ ಸ್ವರೂಪದ್ದು.

ಆದರೆ ಹಿಮೋಗ್ಲೋಬಿನ್ ಇಳಿಯುವುದು ಕೊನೆಯ ಹಂತದಲ್ಲಿ. ಕಬ್ಬಿಣದ ಕೊರತೆ ಆರಂಭವಾದಾಗ ದೇಹ ಮೊದಲು ತನ್ನ ಉಗ್ರಾಣವನ್ನು ಬರಿದುಮಾಡುತ್ತದೆ. ಆ ಉಗ್ರಾಣದ ಸೂಚಕವೇ ಫೆರಿಟಿನ್. ಹದಿಹರೆಯದವರಲ್ಲಿ ಇದು ಒಂದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ದಾಸ್ತಾನು ಮುಗಿದಿದೆ ಎಂದರ್ಥ. ಹಿಮೋಗ್ಲೋಬಿನ್ 12.2 ಇರುವ ಹುಡುಗಿಗೆ ‘ಎಲ್ಲವೂ ಸರಿಯಿದೆ’ ಎಂದು ಚೀಟಿ ಬರೆದುಕೊಟ್ಟರೂ ಅವಳ ಉಗ್ರಾಣ ಖಾಲಿಯಾಗಿರಬಹುದು. ಸೋಂಕು ಅಥವಾ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ ಜ್ವರದ ದಿನಗಳಲ್ಲಿ ಮಾಡಿದ ಪರೀಕ್ಷೆ ದಾರಿ ತಪ್ಪಿಸಬಲ್ಲದು.

ಇನ್ನೊಂದು ತೊಡಕೂ ಇದೆ. ಕಬ್ಬಿಣ ಕಡಿಮೆಯಾದಾಗ ಕೆಂಪು ರಕ್ತಕಣಗಳು ಚಿಕ್ಕದಾಗುತ್ತವೆ. ವಿಟಮಿನ್ ಬಿ12 ಅಥವಾ ಫೋಲೇಟ್ ಕಡಿಮೆಯಾದಾಗ ಅವು ದೊಡ್ಡದಾಗುತ್ತವೆ. ಎರಡೂ ಕೊರತೆಗಳು ಒಟ್ಟಿಗೆ ಇದ್ದರೆ ಕಣಗಳ ಸರಾಸರಿ ಗಾತ್ರ ಸಹಜವೆಂಬಂತೆ ತೋರುತ್ತದೆ. ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಯೂ ಹಿಮೋಗ್ಲೋಬಿನ್ ಏರದ ಪ್ರಕರಣಗಳಲ್ಲಿ ಕೆಲವಕ್ಕೆ ಇದೇ ಕಾರಣ. ಥಲಸ್ಸೇಮಿಯಾದಂತಹ ಅನುವಂಶೀಯ ಕಾರಣಗಳೂ ಇರಬಹುದಾದ್ದರಿಂದ ಇಂಥಲ್ಲಿ ವೈದ್ಯರ ತಪಾಸಣೆ ಅನಿವಾರ್ಯ.

ಸಮೀಕ್ಷೆಗಳು ಹೇಳುವುದೇನು

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ, ಹುಡುಗರಲ್ಲಿ ಶೇ. 31.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಈ ವಯಸ್ಸಿನ ಹುಡುಗಿಯರ ಪೈಕಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರೆಂದು ಸಮೀಕ್ಷೆ ಗುರುತಿಸಿತು. 15ರಿಂದ 49 ವರ್ಷದ ಒಟ್ಟು ಮಹಿಳೆಯರಲ್ಲಿ ಇದು ಶೇ. 47.8. ಈ ಸಮೀಕ್ಷೆಯ ಅಂಕಿಅಂಶ ಜಿಲ್ಲೆಯ ಮಟ್ಟದವರೆಗೆ ಮಾತ್ರ ಲಭಿಸುತ್ತದೆ. ನೀರಾವರಿಯ ಸಿಂಧನೂರು ಮತ್ತು ಖುಷ್ಕಿಯ ಲಿಂಗಸುಗೂರು ಒಂದೇ ಸರಾಸರಿಯೊಳಗೆ ಕರಗಿಹೋಗುತ್ತವೆ ಎಂಬುದು ಗಮನಾರ್ಹ.

ಹಿಮೋಗ್ಲೋಬಿನ್ ಆಚೆಗಿನ ಪೋಷಕಾಂಶಗಳನ್ನೂ ಅಳೆದದ್ದು 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ. ಅದರಂತೆ ದೇಶದ 10ರಿಂದ 19 ವರ್ಷದವರಲ್ಲಿ ಶೇ. 28ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹುಡುಗಿಯರಲ್ಲಿ ಶೇ. 40, ಹುಡುಗರಲ್ಲಿ ಶೇ. 18. ಫೆರಿಟಿನ್ ಆಧಾರದ ಕಬ್ಬಿಣದ ಕೊರತೆ ಹುಡುಗಿಯರಲ್ಲಿ ಶೇ. 31, ಹುಡುಗರಲ್ಲಿ ಶೇ. 12. ಒಟ್ಟಾರೆ ಹದಿಹರೆಯದವರಲ್ಲಿ ಫೋಲೇಟ್ ಕೊರತೆ ಶೇ. 37, ಸತುವಿನ ಕೊರತೆ ಶೇ. 32, ಬಿ12 ಕೊರತೆ ಶೇ. 31, ವಿಟಮಿನ್ ಡಿ ಕೊರತೆ ಶೇ. 24, ವಿಟಮಿನ್ ಎ ಕೊರತೆ ಶೇ. 16 ಕಂಡುಬಂದಿತು. ಕಬ್ಬಿಣವೊಂದರ ಸುತ್ತಲೇ ನಡೆಯುವ ಚರ್ಚೆಗೆ ಈ ಅಂಕಿಗಳು ಎಚ್ಚರಿಕೆಯಂತಿವೆ.

ಎರಡು ಸಮೀಕ್ಷೆಗಳ ನಡುವಿನ ಅಂತರಕ್ಕೆ ವಯೋಮಾನದ ಜೊತೆಗೆ ಮಾಪನದ ವಿಧಾನವೂ ಕಾರಣ. ಕುಟುಂಬ ಸಮೀಕ್ಷೆಯಲ್ಲಿ ಬೆರಳ ತುದಿಗೆ ಚುಚ್ಚಿ ತೆಗೆದ ಹನಿಯನ್ನೂ, ಪೋಷಣಾ ಸಮೀಕ್ಷೆಯಲ್ಲಿ ರಕ್ತನಾಳದಿಂದ ತೆಗೆದ ಮಾದರಿಯನ್ನೂ ಪರೀಕ್ಷಿಸಲಾಗಿತ್ತು. ಬೆರಳ ಹನಿಯಲ್ಲಿ ಅಂಗಾಂಶದ ದ್ರವ ಬೆರೆತು ಫಲಿತಾಂಶ ಏರುಪೇರಾಗುವ ಸಂಭವ ಹೆಚ್ಚು. ಇದಲ್ಲದೆ, ಭಾರತದ ಆರೋಗ್ಯವಂತ ಮಕ್ಕಳ ಮಾಹಿತಿಯನ್ನು ಆಧರಿಸಿ 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಹಿಮೋಗ್ಲೋಬಿನ್ ಮಾನದಂಡವನ್ನೇ ಪ್ರಶ್ನಿಸಿತು. ಎಚ್.ಪಿ.ಎಸ್. ಸಚ್‌ದೇವ್ ನೇತೃತ್ವದ ಈ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪದ್ ಅವರೂ ಪಾಲ್ಗೊಂಡಿದ್ದರು. ಭಾರತೀಯ ಮಕ್ಕಳಿಗೆ ತಕ್ಕ ಮಾನದಂಡ ಬಳಸಿದರೆ 1ರಿಂದ 19 ವರ್ಷದವರಲ್ಲಿ ರಕ್ತಹೀನತೆ ಶೇ. 30ರ ಬದಲು ಶೇ. 10.8 ಆಗುತ್ತದೆ ಎಂಬುದು ಅದರ ನಿಲುವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗಲೂ ಹದಿಹರೆಯದವರ 12 ಮತ್ತು 13 ಗ್ರಾಂ ಗಡಿಗಳನ್ನು ಉಳಿಸಿಕೊಂಡಿತು.

ಗಡಿಯನ್ನು ಎಲ್ಲಿ ಎಳೆದರೂ ಹುಡುಗಿಯರು ಹುಡುಗರಿಗಿಂತ ಹಿಂದಿರುವುದು ಮತ್ತು ಒಂದಕ್ಕಿಂತ ಹೆಚ್ಚು ಪೋಷಕಾಂಶಗಳು ಒಟ್ಟಿಗೆ ಕೊರತೆಯಾಗಿರುವುದು ಬದಲಾಗುವುದಿಲ್ಲ.

ತಿಂದದ್ದೆಲ್ಲ ರಕ್ತ ಸೇರದು

ಜೋಳ-ಸಜ್ಜೆಯಲ್ಲಿ ಕಬ್ಬಿಣ ಹೆಚ್ಚಿದ್ದರೂ ಅದರ ಜೊತೆಗೆ ಫೈಟೇಟ್ ಎಂಬ ಅಂಶವೂ ಇರುತ್ತದೆ. ಅದು ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟು ಕರುಳು ಹೀರದಂತೆ ತಡೆಯುತ್ತದೆ. ಕಾಳುಗಳನ್ನು ನೆನೆಸುವುದು, ಮೊಳಕೆ ಬರಿಸುವುದು, ಹಿಟ್ಟನ್ನು ಹುಳಿ ಬರಿಸುವುದು ಫೈಟೇಟ್ ಪ್ರಮಾಣವನ್ನು ತಗ್ಗಿಸುತ್ತವೆ. ಉತ್ತರ ಕರ್ನಾಟಕದ ಅಡುಗೆಯಲ್ಲಿ ಮೊಳಕೆ ಮಡಕೆ, ಹೆಸರುಕಾಳಿನ ಪಲ್ಯಕ್ಕಿರುವ ಸ್ಥಾನ ಈ ದೃಷ್ಟಿಯಿಂದ ಅರ್ಥಪೂರ್ಣ.

ಊಟದೊಂದಿಗೆ ವಿಟಮಿನ್ ಸಿ ಇದ್ದರೆ ಕಬ್ಬಿಣದ ಹೀರಿಕೆ ಏರುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹದಿಹರೆಯದವರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ಉದಾಹರಣೆ. ಅಕ್ಕಿ ಆಧಾರಿತ ಊಟದ ಜೊತೆ ಪೇರಲ ಹಣ್ಣು ಸೇರಿಸಿದಾಗ ಕಬ್ಬಿಣದ ಹೀರಿಕೆ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಆದರೆ ಸತುವಿನ ಹೀರಿಕೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುತ್ತದೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಅನ್ನ ಬಿಡಲಾಗದ ಮನೆಗಳಿಗೂ ಈ ದಾರಿ ತೆರೆದಿದೆ.

ಚಹಾದ ಪರಿಣಾಮ ಇದಕ್ಕೆ ತದ್ವಿರುದ್ಧ. ಅದರಲ್ಲಿನ ಟ್ಯಾನಿನ್ ಮುಂತಾದ ಅಂಶಗಳು ಊಟದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕೂ ಹೆಚ್ಚು ಕುಗ್ಗಿಸಬಲ್ಲವು. ಊಟಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ನಂತರ ಚಹಾ-ಕಾಫಿ ಸೇವಿಸಬಾರದೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ತಿಳಿಸಿದೆ. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವ ಅಭ್ಯಾಸ ರೊಟ್ಟಿಯ ಲಾಭವನ್ನೇ ಕಸಿದುಕೊಳ್ಳುತ್ತದೆ.

ಧಾನ್ಯವನ್ನೇ ಉತ್ತಮಪಡಿಸುವ ಯತ್ನವೂ ನಡೆದಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ ಹೆಚ್ಚು ಕಬ್ಬಿಣದ ಸಜ್ಜೆ ತಳಿ ‘ಧನಶಕ್ತಿ’ಯನ್ನು ಮಹಾರಾಷ್ಟ್ರದ 12ರಿಂದ 16 ವರ್ಷದ 246 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಲಾಯಿತು. ಒಂದು ಗುಂಪಿಗೆ ಈ ಸಜ್ಜೆಯ ರೊಟ್ಟಿ, ಇನ್ನೊಂದಕ್ಕೆ ಸಾಮಾನ್ಯ ಸಜ್ಜೆಯ ರೊಟ್ಟಿ ನೀಡಲಾಗಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಾಲ್ಕು ತಿಂಗಳಲ್ಲಿ ಮೊದಲ ಗುಂಪಿನ ಮಕ್ಕಳ ಫೆರಿಟಿನ್ ಗಮನಾರ್ಹವಾಗಿ ಏರಿತು. ಆರಂಭದಲ್ಲಿ ಕೊರತೆಯಿದ್ದವರು ಆರು ತಿಂಗಳಲ್ಲಿ ಅದರಿಂದ ಹೊರಬರುವ ಸಾಧ್ಯತೆ ಶೇ. 64ರಷ್ಟು ಹೆಚ್ಚಿತ್ತು. ಸಜ್ಜೆ ರೊಟ್ಟಿ ಮನೆಮಾತಾಗಿರುವ ಲಿಂಗಸುಗೂರು-ಮಸ್ಕಿ ಸೀಮೆಗೆ ಈ ಫಲಿತಾಂಶ ದೂರದ್ದಲ್ಲ.

ಬಿ12: ಸೊಪ್ಪಿನಲ್ಲಿ ಸಿಗದ ಪೋಷಕಾಂಶ

ಫೋಲೇಟ್ ಕೊರತೆಗೆ ಬೇಳೆ, ಕಾಳು, ಹಸಿರು ಸೊಪ್ಪುಗಳಲ್ಲಿ ಉತ್ತರವಿದೆ. ಪುಂಡಿ, ಮೆಂತ್ಯ, ರಾಜಗಿರಿ, ಹೊಲದ ಬದುವಿನ ಹತ್ತರಕಿ ಇವೆಲ್ಲ ಈ ಸೀಮೆಯ ಹಳೆಯ ಗೆಳೆಯರು. ಅತಿಯಾಗಿ ಬೇಯಿಸಿದರೆ ಫೋಲೇಟ್ ನಾಶವಾಗುತ್ತದೆ ಎಂಬುದಷ್ಟೇ ನೆನಪಿಡಬೇಕಾದ ಅಂಶ.

ಬಿ12 ಹಾಗಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಹಜವಾಗಿ ದೊರೆಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಹಾಲು-ಮೊಸರೇ ಅದರ ಏಕೈಕ ಮೂಲ. ಹೈನು ಇರುವ ಮನೆಯವರೂ ಹಾಲನ್ನೆಲ್ಲ ಡೇರಿಗೆ ಹಾಕಿ ಚಹಾಕ್ಕಷ್ಟೇ ಉಳಿಸಿಕೊಂಡರೆ ಮಕ್ಕಳಿಗೆ ಬಿ12 ತಲುಪುವುದಿಲ್ಲ. ಮಾಂಸಾಹಾರಿ ಕುಟುಂಬಗಳಲ್ಲೂ ವಾರಕ್ಕೊಮ್ಮೆ ಅಥವಾ ಹಬ್ಬಕ್ಕೊಮ್ಮೆ ಮಾಂಸ ಬೇಯುವ ಬಡ ಮನೆಗಳೇ ಹೆಚ್ಚು. ನಿತ್ಯದ ಊಟದಲ್ಲಿ ಮೀನು ಇರುವ ಮನೆಗೆ ಈ ಅನುಕೂಲ ಅನಾಯಾಸವಾಗಿ ಒದಗುತ್ತದೆ. ಜಾತಿ, ಆದಾಯ, ನಂಬಿಕೆ ಮೂರೂ ಈ ಒಂದು ಪೋಷಕಾಂಶದ ಮಟ್ಟವನ್ನು ನಿರ್ಧರಿಸುತ್ತವೆ ಎಂದರೆ ತಪ್ಪಾಗದು.

ಶಾಲೆಯ ತಟ್ಟೆ, ನೀಲಿ ಮಾತ್ರೆ

ಅಕ್ಷರ ದಾಸೋಹ ಮೊದಲು ಜಾರಿಗೆ ಬಂದದ್ದು ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ, 2002ರಲ್ಲಿ. ಪ್ರಾಥಮಿಕ ಶಾಲೆಗೆ ಸೀಮಿತವಾಗಿದ್ದ ಯೋಜನೆ 2007ರಲ್ಲಿ 10ನೇ ತರಗತಿಯವರೆಗೆ ವಿಸ್ತರಣೆಯಾಯಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ಮಕ್ಕಳಿಗೆ 150 ಮಿಲಿಲೀಟರ್ ಹಾಲನ್ನು ಒದಗಿಸಿತು.

ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರದಲ್ಲಿ 2021ರ ಡಿಸೆಂಬರಿನಲ್ಲಿ ಮಕ್ಕಳಿಗೆ ಮೊಟ್ಟೆ ನೀಡುವ ಕ್ರಮ ಪ್ರಾಯೋಗಿಕವಾಗಿ ಆರಂಭವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ನೀಡಲಾಯಿತು. ಕೆಲವು ಮಠಾಧೀಶರಿಂದ ವಿರೋಧ ವ್ಯಕ್ತವಾದರೂ ಕಾರ್ಯಕ್ರಮ ಮುಂದುವರಿದು ರಾಜ್ಯವ್ಯಾಪಿಯಾಯಿತು. ಯಾದಗಿರಿ ಮತ್ತು ಗದಗ ಜಿಲ್ಲೆಗಳ ಮಕ್ಕಳನ್ನು ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಮೊಟ್ಟೆ ಪಡೆದವರ ತೂಕ ಹೆಚ್ಚಾಗಿ ಏರಿದ್ದು ಕಂಡುಬಂದಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ವ್ಯವಸ್ಥೆಯಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಜೊತೆಗೆ ಬಿ12, ವಿಟಮಿನ್ ಎ ಕೂಡ ಇರುತ್ತವೆ. ಕಬ್ಬಿಣದ ವಿಷಯದಲ್ಲಿ ಮಾತ್ರ ಮೊಟ್ಟೆಯೊಂದನ್ನೇ ನಂಬುವಂತಿಲ್ಲ.

ವಾರಕ್ಕೊಮ್ಮೆ ಕಬ್ಬಿಣ-ಫೋಲಿಕ್ ಆಮ್ಲದ ನೀಲಿ ಮಾತ್ರೆ ನೀಡುವ ರಾಷ್ಟ್ರೀಯ ಕಾರ್ಯಕ್ರಮವು ಶಾಲಾ ವಿದ್ಯಾರ್ಥಿಗಳನ್ನೂ, ಶಾಲೆ ಬಿಟ್ಟ ಹುಡುಗಿಯರನ್ನು ಅಂಗನವಾಡಿಗಳ ಮೂಲಕವೂ ತಲುಪುವ ಉದ್ದೇಶದ್ದು. 2018ರ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದಂತೆ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ವಾಕರಿಕೆ, ಮಲ ಕಪ್ಪಾಗುವುದು ಕಂಡು ಹೆದರಿ ಮಾತ್ರೆಯನ್ನು ಎಸೆಯುವವರುಂಟು. ಮಲದ ಬಣ್ಣ ಬದಲಾಗುವುದು ನಿರಪಾಯಕಾರಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗದೆ ಊಟದ ನಂತರ ತೆಗೆದುಕೊಂಡರೆ ವಾಕರಿಕೆ ತಗ್ಗುತ್ತದೆ. ಹಾಲು ಅಥವಾ ಚಹಾದೊಂದಿಗೆ ಸೇವಿಸಬಾರದು.

ತಟ್ಟೆಯ ಆಚೆಗಿನ ಕಾರಣಗಳು

ಒಳ್ಳೆಯ ಊಟವೂ ಸೋರಿಹೋಗುವ ದಾರಿಗಳಿವೆ. ಬರಿಗಾಲಿನಲ್ಲಿ ಹೊಲಗದ್ದೆಗೆ ಇಳಿಯುವವರನ್ನು ಕೊಕ್ಕೆಹುಳು ಪಾದದ ಚರ್ಮದ ಮೂಲಕ ಸೇರುತ್ತದೆ. ಕರುಳಿಗೆ ಕಚ್ಚಿಕೊಂಡು ಅದು ನಿತ್ಯವೂ ರಕ್ತ ಹೀರುತ್ತದೆ. ಆದ್ದರಿಂದಲೇ ಶಾಲೆ-ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ನೀಡಲಾಗುತ್ತದೆ. ರಾಯಚೂರು ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವುದು ಬಹುಕಾಲದ ಸಮಸ್ಯೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಲ್ಲಿ ಬೆಳೆಯುವ ಮೂಳೆಗಳ ಮೇಲೆ ಫ್ಲೋರೈಡಿನ ದುಷ್ಪರಿಣಾಮ ತೀವ್ರವಾಗುತ್ತದೆ.

ಇನ್ನೊಂದು ಕಾರಣ ಗುಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಲಿಂಗಸುಗೂರು, ಮಸ್ಕಿ ಭಾಗದ ಕುಟುಂಬಗಳು ಬೆಂಗಳೂರು, ಪುಣೆ, ಗೋವಾದ ಕಟ್ಟಡ ಕಾಮಗಾರಿಗಳಿಗೆ ಹೋಗುತ್ತವೆ. ಜೊತೆಗೆ ಹೋದ ಮಗಳಿಗೆ ಶಾಲೆಯ ಊಟವೂ ಇಲ್ಲ, ನೀಲಿ ಮಾತ್ರೆಯೂ ಇಲ್ಲ. ಊರಲ್ಲಿ ಅಜ್ಜಿಯ ಬಳಿ ಉಳಿದವಳ ಪಾಲಿಗೆ ಅಡುಗೆಯ ಹೊಣೆಯೇ ಬೀಳುತ್ತದೆ.

ಹತ್ತನೇ ತರಗತಿಯ ನಂತರ

ಇಡೀ ಲೆಕ್ಕದ ಅತ್ಯಂತ ದುರ್ಬಲ ಕೊಂಡಿ ಇರುವುದು ಇಲ್ಲಿಯೇ. ಅಕ್ಷರ ದಾಸೋಹ ರೂಪುಗೊಂಡಿರುವುದು 10ನೇ ತರಗತಿಯವರೆಗಿನ ಮಕ್ಕಳಿಗಾಗಿ. ಹುಡುಗಿಯ ಕಬ್ಬಿಣದ ಅಗತ್ಯ ಅತಿ ಹೆಚ್ಚಾಗುವುದು 16ರಿಂದ 18ರ ನಡುವೆ, ಅಂದರೆ ಶಾಲೆಯ ಬಿಸಿಯೂಟ ಕೈಬಿಟ್ಟ ಮರುವರ್ಷದಿಂದ. ಪದವಿಪೂರ್ವ ಕಾಲೇಜಿಗೆ ಸೇರಿದವಳು ಬೆಳಿಗ್ಗೆ ಚಹಾ ಕುಡಿದು ಹೊರಟು ಸಂಜೆ ಮನೆ ಸೇರುತ್ತಾಳೆ. ಓದು ನಿಲ್ಲಿಸಿದವಳು ಹತ್ತಿ ಬಿಡಿಸಲೋ ಭತ್ತದ ನಾಟಿಗೋ ಹೋಗುತ್ತಾಳೆ. ಬಾಲ್ಯವಿವಾಹ ಇನ್ನೂ ಸಂಪೂರ್ಣ ನಿಲ್ಲದ ಪರಿಸರದಲ್ಲಿ ಕೆಲವರು ಇದೇ ವಯಸ್ಸಿಗೆ ಗರ್ಭಿಣಿಯರಾಗುತ್ತಾರೆ. ಬರಿದಾದ ಉಗ್ರಾಣದೊಂದಿಗೆ ಗರ್ಭ ಧರಿಸಿದ ತಾಯಿಗೆ ಹೆರಿಗೆಯ ರಕ್ತಸ್ರಾವ ಪ್ರಾಣಾಂತಿಕವಾಗಬಹುದು. ಮಗು ಕಡಿಮೆ ತೂಕದ್ದಾಗಿ, ಕಬ್ಬಿಣದ ಅಲ್ಪ ದಾಸ್ತಾನಿನೊಂದಿಗೆ ಹುಟ್ಟಬಹುದು. ಒಂದು ತಟ್ಟೆಯ ಕೊರತೆ ಹೀಗೆ ಮುಂದಿನ ತಲೆಮಾರಿಗೆ ದಾಟುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು

* ದಿನದ ಒಂದು ಊಟವಾದರೂ ಜೋಳ ಅಥವಾ ಸಜ್ಜೆಯದಾಗಿರಲಿ. ಜೊತೆಗೆ ಕಾಳಿನ ಪಲ್ಯ ಅಥವಾ ಸೊಪ್ಪು, ಶೇಂಗಾ, ಅಗಸಿ ಇಲ್ಲವೇ ಗುರೆಳ್ಳಿನ ಚಟ್ನಿ ಇರಲಿ.

* ಊಟದೊಂದಿಗೆ ನಿಂಬೆಹಣ್ಣು, ಪೇರಲ, ನೆಲ್ಲಿಕಾಯಿ, ಹಸಿ ಟೊಮೆಟೊಗಳಲ್ಲಿ ಒಂದನ್ನು ಸೇವಿಸುವುದು ಲಾಭದಾಯಕ. ಚಹಾ ಊಟದಿಂದ ಒಂದು ಗಂಟೆ ದೂರವಿರಲಿ.

* ಸಸ್ಯಾಹಾರಿಗಳು ನಿತ್ಯ ಹಾಲು ಅಥವಾ ಮೊಸರು ಸೇವಿಸಬೇಕು. ಉಳಿದವರಿಗೆ ಮೊಟ್ಟೆ, ಮೀನು ಕೈಗೆಟಕುವ ಮೂಲಗಳು.

* ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಆಹಾರ ಸುಧಾರಣೆಯ ಪೂರ್ಣ ಫಲ ಕಾಣಲು ಕನಿಷ್ಠ ಮೂರು ತಿಂಗಳು ಬೇಕು. ಒಂದು ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡಬಾರದು.

* ಹಿಮೋಗ್ಲೋಬಿನ್ ಸರಿಯಿದ್ದೂ ನಿರಂತರ ಆಯಾಸವಿದ್ದರೆ ಫೆರಿಟಿನ್ ಮತ್ತು ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಅತಿಯಾದ ಮುಟ್ಟಿನ ಸ್ರಾವವನ್ನು ಮುಚ್ಚಿಡದೆ ತಿಳಿಸಬೇಕು.

ಎಳ್ಳ ಅಮಾವಾಸ್ಯೆಯಂದು ಈ ಸೀಮೆಯ ರೈತರು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಊಟದಲ್ಲಿ ಸಜ್ಜೆ ರೊಟ್ಟಿ, ಹಲವು ಕಾಳು-ತರಕಾರಿಗಳ ಭಜ್ಜಿ, ಸೊಪ್ಪಿನ ಪಲ್ಯ, ಎಳ್ಳು, ಶೇಂಗಾ, ಮೊಸರು ಎಲ್ಲವೂ ಇರುತ್ತವೆ. ಪೋಷಣಾ ತಜ್ಞರು ಬರೆದುಕೊಡುವ ಪಟ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವರ್ಷಕ್ಕೊಮ್ಮೆ ಭೂತಾಯಿಗೆ ಸಲ್ಲುವ ಆ ಎಡೆಯ ಒಂದು ಪಾಲು ಮನೆಯ ಮಗಳ ತಟ್ಟೆಗೆ ನಿತ್ಯವೂ ಬೀಳುವಂತಾದರೆ ರಕ್ತದ ಲೆಕ್ಕ ಸರಿಹೋಗುವ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.